ಹೆಸರು ಕರೆಯಲು ಸೊರಬಕ್ಕೆ

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನಾನೂ ನನ್ನ ತಮ್ಮ ನಾಗರಾಜನೂ ಶಿಕಾರಿಪುರದಿಂದ ಸೊರಬಕ್ಕೆ ಹೊರಟೆವು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಬೇಕು. ಎಲ್ಲ ಸೇರಿ ನಲವತ್ತು ಕಿಲೋಮೀಟರಿನ ಆಸುಪಾಸು, ದೂರದ ದಾರಿಯೇನಲ್ಲ. ಆದರೂ ನಾಗ ಮದುವೆಗೆ ಹೊರಟವನಂತೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಕಣ್ಣಲ್ಲಿ ಮಾತ್ರ ರಾತ್ರಿ ನಿದ್ದೆ ಇಲ್ಲದ ಕೆಂಪು.

ಅವನ ಮಗಳು ಪಲ್ಲವಿಗೆ ಒಂಬತ್ತು ವರ್ಷ. ರಜೆಗೆಂದು ತಾಯಿಯ ಜೊತೆ ಸೊರಬದ ಅಜ್ಜಿಮನೆಗೆ ಹೋದವಳು ಅಲ್ಲಿ ಮಕ್ಕಳ ನಾಟಕ ಶಿಬಿರಕ್ಕೆ ಸೇರಿದ್ದಳು. ಅವತ್ತು ಶಿಬಿರದ ಕೊನೆಯ ದಿನ. ನಾಟಕ ಶುರುವಾಗುವ ಮೊದಲು ಪ್ರತಿಯೊಂದು ಮಗುವನ್ನೂ ಮನೆಯವರೊಬ್ಬರು ರಂಗದ ಮೇಲೆ ನಿಂತು ಹೆಸರು ಹಿಡಿದು ಕರೆಯಬೇಕಂತೆ. ಅವಳು ಫೋನಿನಲ್ಲಿ ನನಗೆ ತಾಕೀತು ಮಾಡಿದ್ದಳು: “ಅತ್ತೆ, ನೀ ಕರೀಬಾರ್ದು. ಅಮ್ಮನೂ ಬ್ಯಾಡ. ಅಪ್ಪನೇ ಕರೀಬೇಕು.”

ನಾಗನಿಗೆ ಮಾತು ತಡೆಯುತ್ತದೆ. ‘ಪ’ದಿಂದ ಶುರುವಾಗುವ ಮಾತು ಬಂದರಂತೂ ತುಟಿ ಅಂಟಿಕೊಂಡೇ ನಿಲ್ಲುತ್ತದೆ. ಅವನ ಕೆಲಸ ಹಿಟ್ಟಿನ ಗಿರಣಿಯಲ್ಲಿ. ಅಲ್ಲಿಯ ಸದ್ದಿನಲ್ಲಿ ಯಾರೂ ಮಾತಾಡುವ ಹಾಗಿಲ್ಲ, ಅದಕ್ಕೇ ಅವನಿಗೆ ಆ ಕೆಲಸ ಇಷ್ಟ. ಮಗಳನ್ನು ಅವನು ಒಮ್ಮೆಯೂ ಹೆಸರಿನಿಂದ ಕರೆದವನಲ್ಲ. “ಮಗಾ” ಎನ್ನುತ್ತಾನೆ, ಅಷ್ಟೆ.

ಆ ಹೆಸರು ಇಟ್ಟವಳು ನಾನು. ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಯಾವುದೋ ಮದುವೆ ಕಾರ್ಡಿನಲ್ಲಿ ಓದಿ ಮೆಚ್ಚಿಟ್ಟುಕೊಂಡ ಹೆಸರು ನನ್ನ ಮನಸ್ಸಿನಲ್ಲಿತ್ತು. ತೊಟ್ಟಿಲ ಪಕ್ಕ ನಿಂತಿದ್ದ ನಾಗ, “ಅಕ್ಕಾ, ಹೆ... ಹೆ...” ಎಂದ. “ಹೆಸ್ರು ತಾನೇ? ನಂಗೊತ್ತೈತಿ, ಸುಮ್ನಿರು” ಎಂದು ಅವನ ಮಾತನ್ನು ನಾನೇ ಮುಗಿಸಿ ಮಗುವಿನ ಕಿವಿಗೆ ಬಾಗಿದೆ. ನಮ್ಮ ಒಂದೇ ಕೋಣೆಯ ಶಾಲೆಯಲ್ಲೂ ಹಾಗೆಯೇ, ಮೇಷ್ಟ್ರು ಅವನನ್ನು ಕೇಳಿದರೆ ಉತ್ತರ ನನ್ನ ಬಾಯಿಂದ. ಅದನ್ನು ಪ್ರೀತಿ ಎಂದುಕೊಂಡಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ರವಿಕೆ ಹೊಲಿಯಲು ಕೂತವಳು ನಾನು. ಅಳತೆ ತೆಗೆಯದೆ ಯಾರ ಬಟ್ಟೆಗೂ ಕತ್ತರಿ ಹಾಕಿದವಳಲ್ಲ. ತಮ್ಮನ ಮಗಳಿಗೆ ಹೆಸರಿಡುವಾಗ ಮಾತ್ರ ಅವನ ಬಾಯಿಯ ಅಳತೆ ನೋಡಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರ್ ನಾಗನ ಮುಂದೆ ನಿಂತು “ಎಲ್ಲಿಗ್ರಿ?” ಎಂದ. ನಾಗ ಬಾಯಿ ತೆರೆದ. “ಅವ್ನಿಗೊಂದು ಶಿರಾಳಕೊಪ್ಪ, ನಂದು ಫ್ರೀ” ಎಂದು ಆಧಾರ್ ಕಾರ್ಡ್ ಚಾಚಿದೆ. ಅವನ ಮಾತನ್ನು ಮತ್ತೆ ನಾನೇ ಆಡಿದ್ದು ಟಿಕೆಟ್ ಕೈಗೆ ಬಂದ ಮೇಲೆ ಅರಿವಾಯಿತು. ನಾಗ ಕಿಟಕಿಯ ಕಡೆ ತಿರುಗಿದ್ದ. ಉತ್ತ ಹೊಲಗಳ ಮೇಲೆ ಬಿಸಿಲು ನೀರಿನ ಹಾಗೆ ಅಲುಗುತ್ತಿತ್ತು. ತಳ ಕಂಡ ಕೆರೆಯೊಂದರಲ್ಲಿ ಬೆಳ್ಳಕ್ಕಿಗಳು ತಮ್ಮ ನೆರಳಿನ ಮೇಲೆ ತಾವೇ ನಿಂತಿದ್ದವು. ನನಗೆ ಜೊಂಪು ಹತ್ತಿತು. ತೊಟ್ಟಿಲು ತೂಗುತ್ತಿದೆ, ಒಳಗೆ ಮಗುವಿಲ್ಲ, ನಾಗ ಅದರೊಳಗೆ ಬಗ್ಗಿ ಏನನ್ನೋ ಹುಡುಕುತ್ತಿದ್ದಾನೆ, ಹಾಗೇನೋ ಕಂಡ ನೆನಪು.

ಶಿರಾಳಕೊಪ್ಪದಲ್ಲಿ ಇಳಿದು ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಹೋದೆವು. “ನನಗೂ ಅವ್ನಿಗೂ ಮಂಡಕ್ಕಿ ಮಿರ್ಚಿ” ಎಂದೆ. ನಾಗ ತಲೆ ಬಗ್ಗಿಸಿ ತಿಂದ, ನೀರು ಕುಡಿದ, ಮತ್ತೆ ನೀರು ಕುಡಿದ.

ಸೊರಬದ ಕಡೆ ಹೋಗುತ್ತ ದಾರಿಗೆ ಮರಗಳು ಹತ್ತಿರ ಬಂದವು, ಗಾಳಿ ತಣ್ಣಗಾಯಿತು. ಶಿಬಿರ ನಡೆಯುತ್ತಿದ್ದದ್ದು ಹಳೆಯ ಶಾಲೆಯ ಹೆಂಚಿನ ಸಭಾಂಗಣದಲ್ಲಿ. ಬಾಗಿಲಲ್ಲೇ ನಾಗನ ಹೆಂಡತಿ ಸುಜಾತ ಕಾಯುತ್ತಿದ್ದಳು. “ಅತ್ತಿಗೆ, ನಿಮ್ಮ ಸೊಸೆ ನೋಡಿ ಹೆಂಗಾಗಿದಾಳೆ! ನೆಂಟರು ಬಂದ್ರೆ ಬಾಗ್ಲ ಸಂದಿಗೆ ಹೋಗ್ತಿದ್ದೋಳು, ಈಗ ಅಜ್ಜಿಗೇ ಪಾತ್ರ ಹೇಳಿಕೊಡ್ತಾಳೆ ಮಾರಾಯ್ರೆ” ಎಂದು ನಕ್ಕಳು.

ಒಳಗೆ ಮಕ್ಕಳೆಲ್ಲ ಒಂಟಿ ಕಾಲಿನಲ್ಲಿ ನಿಂತಿದ್ದರು. ಅದು ಬೆಳ್ಳಕ್ಕಿ ಆಟವಂತೆ. ಒಬ್ಬರು ಮೀನು, ಉಳಿದವರು ಹಕ್ಕಿ. ಮೀನು ತಾನಾಗಿ ಹತ್ತಿರ ಬರುವವರೆಗೆ ಹಕ್ಕಿಗಳು ಅಲುಗಬಾರದು. ನಾಟಕವೂ ಗುಡವಿಯ ಕೆರೆಗೆ ಬರುವ ಹಕ್ಕಿಗಳದ್ದೇ. ಕಲಿಸುವ ಮೇಡಂ ಚಿಕ್ಕ ವಯಸ್ಸಿನವರು, ಗಂಟಲು ಕಟ್ಟಿತ್ತು.

“ಮಾತು ಕಲಿಸಲ್ವೇನ್ರೀ?” ಎಂದು ಕೇಳಿದೆ.

“ಮೊದ್ಲು ಕಾಯೋದು ಕಲಿಸ್ತೇವೆ. ಎದುರಿಗಿರೋನು ಮುಗಿಸೋ ತನಕ ನಿಲ್ಲೋಕೆ ಬಂದ್ರೆ ಸಾಕು, ಮಾತು ಅದೇ ಬರ್ತದೆ. ಮೊದಲ ದಿನ ಒಬ್ರ ಮಾತು ಒಬ್ರು ಕಿತ್ಕೊಳ್ಳೋರು ಇವರೆಲ್ಲ” ಎಂದರು ಅವರು.

ನಾನು ಸೆರಗು ಸರಿಮಾಡಿಕೊಂಡು ಮುಂದಿನ ಸಾಲಿನ ಜಮಖಾನದಲ್ಲಿ ಕೂತೆ.

ಕರೆಯುವುದು ಶುರುವಾಯಿತು. ತಾಯಂದಿರು, ಅಜ್ಜಂದಿರು ರಂಗಕ್ಕೆ ಹತ್ತಿ ಕೂಗುತ್ತಿದ್ದರು, ಮಕ್ಕಳು ಪರದೆಯ ಹಿಂದಿನಿಂದ ರೆಕ್ಕೆ ಬಡಿಯುತ್ತ ಬಂದು ಸಾಲಾಗಿ ನಿಲ್ಲುತ್ತಿದ್ದರು. ಕೊನೆಗೆ ನಾಗ ಹತ್ತಿದ. ತುಟಿ ಮುಚ್ಚಿದ. ತೆರೆಯಲಿಲ್ಲ. ಕುತ್ತಿಗೆಯ ನರ ಎದ್ದಿತು, ಕಣ್ಣು ಮುಚ್ಚಿಹೋಯಿತು. ಹಿಂದೆ ಯಾರೋ ಕಿಸಕ್ಕೆಂದರು. ನನ್ನ ನಾಲಿಗೆಯ ತುದಿಗೆ ಆ ಹೆಸರು ಬಂದು ಕೂತಿತ್ತು. ಅರ್ಧ ಎದ್ದೇಬಿಟ್ಟಿದ್ದೆ.

ಆಗ ಸಾಲಿನಲ್ಲಿದ್ದ ಒಂದು ಮಗು ಮೆಲ್ಲಗೆ ಕಾಲೆತ್ತಿತು. ಅದನ್ನು ನೋಡಿ ಪಕ್ಕದ್ದು. ಯಾರೂ ಹೇಳಿರಲಿಲ್ಲ. ರಂಗದ ತುಂಬ ಮಕ್ಕಳು ಬೆಳ್ಳಕ್ಕಿಗಳಾಗಿ, ನಾಗನನ್ನೇ ನೋಡುತ್ತ ನಿಂತುಬಿಟ್ಟರು. ಇಡೀ ಸಭಾಂಗಣ ಕೆರೆಯ ಹಾಗೆ ನಿಶ್ಶಬ್ದವಾಯಿತು. ಹೆಂಚಿನ ಸಂದಿಯಿಂದ ಇಳಿದ ಬಿಸಿಲಿನ ಕೋಲಿನಲ್ಲಿ ಧೂಳು ತೇಲುತ್ತಿತ್ತು. ನಾನು ಎದ್ದವಳು ಹಾಗೇ ಕೂತೆ. ಎಷ್ಟು ಹೊತ್ತಾಯಿತೋ ತಿಳಿಯದು.

“ಪ... ಪ... ಪಲ್ಲವೀ” ಎಂದ ನಾಗ.

“ಏನಪ್ಪಾ?” ಎಂದಳು ಪರದೆಯ ಹಿಂದಿನಿಂದ, ಮನೆಯಲ್ಲಿ ದಿನವೂ ಹಾಗೆ ಕರೆಸಿಕೊಳ್ಳುವವಳ ಹಾಗೆ.

ಸಭೆಗೆ ಸಭೆಯೇ ನಕ್ಕಿತು. ನಾಗನೂ ನಕ್ಕ. ಆಮೇಲೆ ನಡೆದ ನಾಟಕವನ್ನು ನಾನು ಕಂಡದ್ದು ಕಡಿಮೆ. ಒದ್ದೆ ಕಣ್ಣಿನಲ್ಲಿ ಎಲ್ಲ ಮಕ್ಕಳೂ ಬಿಳಿ ರೆಕ್ಕೆಗಳಾಗಿಯೇ ಕಂಡರು.

ಸಂಜೆ ತಾಯಿ ಮಗಳನ್ನು ಅಜ್ಜಿಮನೆಯಲ್ಲೇ ಬಿಟ್ಟು ನಾವಿಬ್ಬರೂ ಶಿರಾಳಕೊಪ್ಪಕ್ಕೆ ಮರಳಿದಾಗ ಅದೇ ಹೋಟೆಲಿನವನು ಗುರುತು ಹಿಡಿದ. “ಏನಕ್ಕಾರ, ಮತ್ತೆ ಎರಡು ಮಂಡಕ್ಕಿ ಮಿರ್ಚಿನಾ?” ನಾನು ನಾಗನ ಮುಖ ನೋಡಿದೆ.

“ನಂಗೆ ಮಿ... ಮಿರ್ಚಿ ಬ್ಯಾಡ್ರಿ. ಬರೀ ಮಂಡಕ್ಕಿ ಕೊಡ್ರಿ.”

“ಮಿರ್ಚಿ ಬ್ಯಾಡ್ವಾ? ಯಾವಾಗಿಂದಲೋ?” ಎಂದೆ.

“ಸ... ಸಣ್ಣೋನಿದ್ದಾಗಿಂದ” ಎಂದು ಮುಸಿಮುಸಿ ನಕ್ಕ. “ಖಾರ ಆಗಂಗಿಲ್ಲಕ್ಕ ನಂಗೆ.”

ಇಷ್ಟು ವರ್ಷ ಅವನಿಗೆ ನಾನು ತಿನ್ನಿಸಿದ ಮಿರ್ಚಿಗಳೆಲ್ಲ ಒಟ್ಟಿಗೆ ನನ್ನ ಗಂಟಲಿಗೆ ಬಂದಂತಾಯಿತು. “ತಪ್ಪಾತೋ ನಾಗ. ಮಿರ್ಚಿ ಒಂದೇ ಅಲ್ಲ” ಎಂದೆ.

ಅವನು ಮಂಡಕ್ಕಿಯಲ್ಲಿ ಕೈಯಾಡಿಸಿದ. ಆಮೇಲೆ, “ಅಕ್ಕಾ, ಅವತ್ತು ತೊ... ತೊಟ್ಲ ಹತ್ರ ನಾ ಹೇಳಾಕ್ ಬಂದಿದ್ದ ಹೆಸ್ರು...” ಎಂದು ಶುರು ಮಾಡಿದ. ಮಾತು ತಡೆಯಿತು.

ಎದುರಿಗೆ ಶಿಕಾರಿಪುರದ ಬಸ್ಸು ಹಾರ್ನ್ ಹೊಡೆಯಿತು. “ಹತ್ತ್ರೀ, ಹತ್ತ್ರೀ, ಹೊರಡ್ತೈತಿ!” ಎಂದು ಕಂಡಕ್ಟರ್ ಬಾಗಿಲು ಬಡಿಯುತ್ತಿದ್ದ. ನಾಗ ಬಸ್ಸನ್ನು ನೋಡಿದ, ನನ್ನನ್ನು ನೋಡಿದ. ನಾನು ಚಪ್ಪಲಿ ಕಳಚಿ, ಒಂದು ಕಾಲನ್ನು ಬೆಂಚಿನ ಮೇಲೆ ಮಡಚಿಟ್ಟುಕೊಂಡು ಕೂತೆ. ಬಸ್ಸು ಹೋಯಿತು.