ಗುಳ್ಳೆಯಿಲ್ಲದ ಈಜು

ಮಾರ್ಚ್ ತಿಂಗಳ ಕೊನೆಯ ಶನಿವಾರ, ಬೆಳಗ್ಗೆ ಹತ್ತು ಗಂಟೆ ಐದು ನಿಮಿಷ. ಬಸವೇಶ್ವರನಗರದ ಒಂದು ಈಜುಕೊಳ. ಹಾಜರಿದ್ದವರು ಮೂವರು: ಕಂಬಿ ಹಿಡಿದು ನೀರಿನಲ್ಲಿ ನಿಂತ ನಾನು, ನನ್ನಿಂದ ಒಂದು ಮಾರು ದೂರದಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನನ್ನ ಯಜಮಾನರು, ದಡದ ಮೇಲೆ ಸೀಟಿ ಕಚ್ಚಿಕೊಂಡ ಕೋಚ್ ಹುಡುಗಿ. ಯಜಮಾನರ ಕೈಯಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಕ್ಯಾಮೆರಾ. ನಾನು ಮೂವತ್ತೆರಡು ವರ್ಷ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದವಳು. ಡ್ಯೂಟಿ ಪುಸ್ತಕದಲ್ಲಿ ಮೊದಲು ವೇಳೆ, ಆಮೇಲೆ ಹಾಜರಿ, ಆಮೇಲೆ ವಿಷಯ. ಬೇರೆ ಥರ ಬರೆಯಲು ನನಗೆ ಬರುವುದಿಲ್ಲ.

ವಿಷಯ ಇದು. ಏಪ್ರಿಲ್ ಬಂದರೆ ಕೊಳ ಮಕ್ಕಳ ಬೇಸಿಗೆ ಶಿಬಿರದ ಪಾಲು. ಹಿರಿಯರ ತಂಡದಲ್ಲಿ ಕೊಳದ ಅಗಲವನ್ನು ಒಮ್ಮೆಯಾದರೂ ನಿಲ್ಲದೆ ದಾಟಿದವರಿಗೆ ಮಾತ್ರ ಮುಂದಿನ ಬ್ಯಾಚಿನಲ್ಲಿ ಜಾಗ. ಉಳಿದವರು ಜೂನ್‌ನಲ್ಲಿ ಮತ್ತೆ ಮೊದಲಿನಿಂದ, ಅದೂ ಮೊಣಕಾಲುದ್ದದ ನೀರಿನಲ್ಲಿ. ನಮ್ಮ ಆರು ಜನರಲ್ಲಿ ಐವರು ದಾಟಿದ್ದರು. ಆರ್‌ಪಿಸಿ ಲೇಔಟಿನಿಂದ ನನ್ನ ಜೊತೆ ಸ್ಕೂಟರಿನಲ್ಲಿ ಬರುವ ಯಜಮಾನರು ಎರಡನೇ ವಾರದಲ್ಲೇ ದಾಟಿದ್ದರು. ಎಮ್ಮೆಯ ಹಾಗೆ ದಾಟಿದರು, ಆದರೆ ದಾಟಿದರು. ನಾನು ಮಾತ್ರ ಪ್ರತಿ ಸಲ ಅರ್ಧದಲ್ಲಿ ಎದ್ದು ನಿಲ್ಲುತ್ತಿದ್ದೆ. ಯಾವ ಪರೀಕ್ಷೆಯಲ್ಲೂ ಫೇಲಾಗದವಳು ಅರವತ್ತನಾಲ್ಕನೇ ವಯಸ್ಸಿನಲ್ಲಿ ನೀರಿನಲ್ಲಿ ಫೇಲಾಗುವುದೆಂದರೆ ಏನು? ಆ ಶನಿವಾರ ಕಡೆಯ ದಿನ.

ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಮಾಡುತ್ತಿದ್ದೇನೆ ಎಂಬುದು ನನ್ನ ವಾದವಾಗಿತ್ತು.

"ಮಾಡ್ತಿಲ್ಲ ಸಿಸ್ಟರ್, ಏನೋ ಒಂದು ಬಿಟ್ಟೋಗ್ತಿದೆ," ಎಂಬುದು ಯಜಮಾನರ ವಾದ. ಅವರು ನನ್ನನ್ನು ಕರೆಯುವುದೇ ಹಾಗೆ. ಮದುವೆಯಾದ ಹೊಸತರಲ್ಲಿ ನನಗೆ ಕೋಪ ಬರುತ್ತಿತ್ತು. ಈಗ ಹೆಸರು ಹಿಡಿದು ಕರೆದರೆ ಏನೋ ಎಡವಟ್ಟಾಗಿದೆ ಎಂದು ಗಾಬರಿಯಾಗುತ್ತದೆ. "ನೀರೊಳಗಿಂದ ವಿಡಿಯೋ ಹಿಡಿದು ತೋರಿಸ್ತೀನಿ, ಆಗ ಒಪ್ಕೋತೀಯ?"

ಆ ಕ್ಯಾಮೆರಾದ ಹುಚ್ಚು ಅವರಿಗೆ ಅಂಟಿ ಆಗಲೇ ಎರಡು ತಿಂಗಳಾಗಿತ್ತು. ಅದನ್ನು ಸ್ಕೂಟರಿನ ಹ್ಯಾಂಡಲ್ಲಿಗೆ ಕಟ್ಟಿ ವಿಜಯನಗರದ ಗುಂಡಿಗಳನ್ನೆಲ್ಲ ಸೆರೆಹಿಡಿದಿದ್ದರು. ಬಾಗಿಲು ಮುಚ್ಚಿದ ಮೇಲೆ ಫ್ರಿಜ್ಜಿನ ದೀಪ ಆರುತ್ತದೆಯೇ ಎಂದು ನೋಡಲು ಮೊಸರಿನ ಪಾತ್ರೆಯ ಪಕ್ಕದಲ್ಲಿಟ್ಟು ಬಾಗಿಲು ಹಾಕಿದ್ದರು. ಆರುತ್ತದೆ. ನೀರಿಗಿಳಿಸಲು ಬೇಕಾದ ಪಾರದರ್ಶಕ ಡಬ್ಬಿ ಬಂದಿದ್ದು ಹಿಂದಿನ ವಾರದ ಶುಕ್ರವಾರ. ಬ್ಯಾಚ್ ಮುಗಿದು ಎಲ್ಲರೂ ಹೋದ ಮೇಲೆ ನನ್ನೊಬ್ಬಳನ್ನೇ ಹಿಡಿಯಬೇಕು ಎಂಬ ಷರತ್ತಿನ ಮೇಲೆ ಕೊಳದವರು ಒಪ್ಪಿದರು.

ಸೋಮವಾರದ ಚಿತ್ರದಲ್ಲಿ ನಾನೇ ಇರಲಿಲ್ಲ. ಡಬ್ಬಿಯ ಒಳಗೆ ಮಂಜು ಕಟ್ಟಿ, ಬಿಸಿನೀರಿನ ಸ್ನಾನದ ನಂತರದ ಕನ್ನಡಿಯಂತಾಗಿತ್ತು. ತೇವ ಹೀರಲಿ ಎಂದು ಯಜಮಾನರು ಮಂಗಳವಾರ ಡಬ್ಬಿಗೆ ಒಂದು ಚಿಟಿಕೆ ಅಕ್ಕಿ ಹಾಕಿದರು. ಅಕ್ಕಿ ಲೆನ್ಸಿನ ಮುಂದೆ ಉರುಳಾಡಿತು. ಚಿತ್ರದುದ್ದಕ್ಕೂ ಮಂಜಿನ ನಡುವೆ ನನ್ನ ತಲೆಯ ಮೇಲೆ ಯಾರೋ ಅಕ್ಷತೆ ಹಾಕುತ್ತಿರುವಂತೆ ಕಾಣುತ್ತಿತ್ತು.

"ನೋಡು, ಎರಡನೇ ಸಲ ಮದ್ವೆ ಆಯ್ತು ನಮ್ದು," ಎಂದರು.

"ಮೊದಲ್ನೇದೇ ಸಾಕಾಗಿದೆ ರೀ. ಅಕ್ಕಿ ತೆಗೀರಿ."

ಬುಧವಾರ ನಾನು ಮಾತ್ರೆ ಬಾಟಲಿಗಳಲ್ಲಿ ಬರುವ, ತೇವ ಹೀರುವ ಪುಟ್ಟ ಪೊಟ್ಟಣಗಳನ್ನು ಕೂಡಿಸಿಟ್ಟಿದ್ದರಲ್ಲಿ ಎರಡು ಕೊಟ್ಟೆ. ಮಂಜು ಅರ್ಧ ಇಳಿಯಿತು. ಈಗ ಬಣ್ಣದ ತೊಂದರೆ. ನೀರು ಕೆಂಪನ್ನು ನುಂಗುತ್ತದಂತೆ. ನಾನು ಹಸಿರು ನೀಲಿಯಾಗಿ ಕಂಡೆ. ಆ ಬಣ್ಣದ ರೋಗಿ ವಾರ್ಡಿಗೆ ಬಂದಿದ್ದರೆ ಹೆಸರು ಕೇಳುವ ಮೊದಲೇ ಆಕ್ಸಿಜನ್ ಹಾಕುತ್ತಿದ್ದೆ. ನೀರಿನೊಳಗೇ ಒಂದು ಬಿಳಿ ವಸ್ತುವನ್ನು ತೋರಿಸಿ, ಬಿಳಿ ಎಂದರೆ ಇದು ಎಂದು ಕ್ಯಾಮೆರಾಕ್ಕೆ ಕಲಿಸಬೇಕೆಂದು ಯಜಮಾನರು ಎಲ್ಲೋ ಓದಿ, ಗುರುವಾರ ತಮ್ಮ ಬಿಳಿ ಬನಿಯನ್ ತಂದು ನೀರಿನಲ್ಲಿ ಅದ್ದಿದರು.

ದಡದಿಂದ ಸೀಟಿ. "ಅಂಕಲ್, ಅಂಕಲ್! ಇಲ್ಲಿ ಬಟ್ಟೆ ಒಗೆಯೋ ಹಾಗಿಲ್ಲ!"

"ಒಗೀತಿಲ್ಲಮ್ಮ, ಕ್ಯಾಮೆರಾಗೆ ಪಾಠ ಮಾಡ್ತಿದೀನಿ."

ಬಣ್ಣ ಸರಿಹೋಯಿತು. ಬಿಸಿಲು ತಮ್ಮ ಬೆನ್ನಿಗೆ ಬರುವಂತೆ ನಿಂತು, ನನಗೆ ಒಂದು ಮಾರಿಗಿಂತ ದೂರವಾಗದೆ ಹಿಡಿದರೆ ನೀರಿನ ಕಲಕೂ ಕಾಣುವುದಿಲ್ಲ ಎಂದು ಅವರೇ ಕಂಡುಕೊಂಡರು. ಆದರೆ ಉಳಿದರ್ಧ ಮಂಜು ಹೋಗಲಿಲ್ಲ, ಡಬ್ಬಿಯ ಮೂಲೆಯಲ್ಲಿ ಒಂದು ಹನಿ ನೀರೂ ಇತ್ತು. ಶುಕ್ರವಾರವೂ ಅದೇ ಕತೆ. ಸಂಜೆ ನಾನೇ ಕೈಹಾಕಿದೆ. ಕೈ ತೊಳೆದು, ಊಟದ ಮೇಜಿನ ಮೇಲೆ ಒಗೆದ ಬಟ್ಟೆ ಹಾಸಿ, ಡಬ್ಬಿ ತೆರೆದು, ಅಂಚಿನ ರಬ್ಬರ್ ಸುತ್ತನ್ನು ಬಿಡಿಸಿ ಒದ್ದೆ ಹತ್ತಿಯಿಂದ ಒರೆಸಿದೆ. ಹತ್ತಿ ಕೆಂಪಾಯಿತು.

ಕುಂಕುಮ. ಡಬ್ಬಿ ಬಂದ ದಿನ ಹೊಸ ವಸ್ತುವೆಂದು ದೇವರ ಮುಂದೆ ತೆರೆದಿಟ್ಟು ಬೊಟ್ಟಿಟ್ಟವಳು ನಾನು. ಉದುರಿದ ನಾಲ್ಕು ಕಣ ರಬ್ಬರಿನ ಕೆಳಗೆ ಸೇರಿ, ಕೂದಲೆಳೆಯಷ್ಟು ಸಂದು ಮಾಡಿ, ದಿನವೂ ನೀರಿಗೆ ದಾರಿ ಕೊಟ್ಟಿದ್ದವು. ಶುಚಿಯಾದ ಟ್ರೇಗೆ ಗಾಳಿ ಸೋಕಿಸಿದರೂ ಕಿರಿಯ ನರ್ಸುಗಳನ್ನು ಗದರುತ್ತಿದ್ದ ಬಾಯಿ ನನ್ನದು.

ಯಜಮಾನರು ಹತ್ತಿಯನ್ನು ಬೆಳಕಿಗೆ ಹಿಡಿದು, ದೊಡ್ಡ ಡಾಕ್ಟರರ ಧ್ವನಿಯಲ್ಲಿ, "ಸಿಸ್ಟರ್, ಇನ್‌ಫೆಕ್ಷನ್ ಎಲ್ಲಿಂದ ಬಂತು ಅಂತ ಗೊತ್ತಾಯ್ತು," ಎಂದರು.

ಹೀಗೆ ಶನಿವಾರ ಹತ್ತು ಗಂಟೆ ಐದು ನಿಮಿಷಕ್ಕೆ, ಚೊಕ್ಕವಾದ ರಬ್ಬರಿನೊಂದಿಗೆ ಕ್ಯಾಮೆರಾ ನೀರಿಗಿಳಿಯಿತು. ನಾನು ಕಂಬಿ ಬಿಟ್ಟು ಮುಖ ಮುಳುಗಿಸಿ ಹೊರಟೆ. ನಾಲ್ಕು ಸಲ ಕೈ ಬೀಸಿದೆ. ತಲೆ ಎತ್ತಿದಾಗ ದಡದಿಂದ ಎಂದಿನ ಕೂಗು. ಎದ್ದು ನಿಂತೆ. ಅರ್ಧ ದಾರಿ.

ಹತ್ತೂ ಇಪ್ಪತ್ತಕ್ಕೆ ಮೂವರೂ ನೆರಳಿನ ಬೆಂಚಿನ ಮೇಲೆ ಕುಳಿತು ಆ ಪುಟ್ಟ ಪರದೆ ನೋಡಿದೆವು. ನೀರು ಗಾಜಿನಂತಿತ್ತು. ನನ್ನ ಕಾಲು ಸರಿ, ಕೈ ಸರಿ. ಕೆನ್ನೆಗಳು ಮಾತ್ರ ಪೂರಿಯಂತೆ ಉಬ್ಬಿದ್ದವು.

"ಗುಳ್ಳೆ ಎಲ್ಲಿ?" ಎಂದರು ಯಜಮಾನರು. ಬಾಯಿಂದಾಗಲಿ ಮೂಗಿಂದಾಗಲಿ ಒಂದು ಗುಳ್ಳೆಯೂ ಹೊರಟಿರಲಿಲ್ಲ.

ಪರದೆಯಲ್ಲಿ ನನ್ನ ತಲೆ ಮೇಲೆ ಬಂತು. "ಬಿಡಿ ಆಂಟಿ, ಬಿಡಿ ಬಿಡಿ!" ಎಂದು ಕೋಚ್ ಧ್ವನಿ. ನಾನು ತಕ್ಷಣ ಎದ್ದು ನಿಂತೆ.

"ಅಲ್ಲಾ ಆಂಟಿ, ಅಷ್ಟು ಹೇಳ್ತಿದ್ರೂ ಯಾಕೆ ನಿಂತ್ಬಿಡ್ತೀರ?" ಎಂದಳು ಹುಡುಗಿ.

"ನೀನೇ ತಾನೇ ಬಿಡಿ ಅಂದಿದ್ದು? ಸಾಕು ಬಿಡಿ, ಇವತ್ತಿಗೆ ಆಗಲ್ಲ ಬಿಡಿ ಅಂತಿದೀಯ ಅಂದ್ಕೊಂಡೆ."

ಅವಳು ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ದೇವ್ರೇ! ಉಸಿರು ಬಿಡಿ ಆಂಟಿ! ಉಸಿರು!"

ರಬ್ಬರ್ ಟೋಪಿ ಕಿವಿ ಮುಚ್ಚಿತ್ತು. 'ಉಸಿರು' ಎಂಬ ಮಾತು ಅವಳ ಬಾಯಲ್ಲೇ ಉಳಿದು, 'ಬಿಡಿ' ಮಾತ್ರ ನನಗೆ ತಲುಪುತ್ತಿತ್ತು. ಇಡೀ ತಿಂಗಳು ಅವಳು ಉಸಿರು ಬಿಡಲು ಕೂಗಿದಳು, ನಾನು ಈಜು ಬಿಟ್ಟೆ. ಯಜಮಾನರು ಬೆಂಚಿನಿಂದ ಜಾರುವಷ್ಟು ನಕ್ಕರು. "ನಲವತ್ತು ವರ್ಷ ನಾನು ಏನ್ ಹೇಳಿದ್ರೂ ಕೇಳದೋಳು, ನಿನ್ನ ಒಂದು ಮಾತಿಗೆ ಎದ್ದು ನಿಂತ್ಕೊಂಡ್ಳಲ್ಲಮ್ಮ!"

"ನಗ್ಬೇಡ್ರೀ. ಆರ್ಡರ್ ಪೂರ್ತಿ ಕೊಡ್ಬೇಕು," ಎಂದು ಹೇಳಿ ಟೋಪಿ ಸರಿಮಾಡಿಕೊಂಡೆ. "ಈ ಸಲ ನೀನು ಬಾಯೇ ತೆಗೀಬೇಡಮ್ಮ, ಬರೀ ಸೀಟಿ ಊದು."

ಹತ್ತೂ ನಲವತ್ತಕ್ಕೆ ಮತ್ತೆ ಕಂಬಿ ಬಿಟ್ಟೆ. ಮುಖ ಮುಳುಗಿಸಿ, ಎಣಿಸುತ್ತಾ, ಇದ್ದ ಉಸಿರನ್ನೆಲ್ಲ ಬಿಟ್ಟೆ. ಕಿವಿಯ ಪಕ್ಕದಲ್ಲೇ ಅನ್ನ ಕುದಿಯುವ ಸದ್ದು. ತಲೆ ಎತ್ತಿದೆ, ಸೀಟಿ ಕೇಳಿತು, ಮತ್ತೆ ಮುಳುಗಿದೆ. ಪಕ್ಕದಲ್ಲಿ ಯಜಮಾನರ ಕಾಲುಗಳು ನನ್ನ ಜೊತೆ ಅಡ್ಡಡ್ಡ ನಡೆದು ಬರುತ್ತಿದ್ದವು. ಮೂರನೇ ಉಸಿರಿಗೆ ಕೈಗೆ ತಣ್ಣನೆಯದೇನೋ ತಗುಲಿತು. ಎದುರುಗಡೆಯ ಕಂಬಿ.

ಹುಡುಗಿ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಗುರುತು ಹಾಕಿದಳು. ಯಜಮಾನರು ಚಷ್ಮಾ ತೆಗೆದು ಕಣ್ಣು ಒರೆಸಿಕೊಂಡರು. ಕೊಳದ ನೀರು ಎಂದರು. ನಾನೂ ಹೌದೆಂದೆ. ಆಮೇಲೆ ನೋಡಿದರೆ, ಎರಡನೇ ಸಲ ಕ್ಯಾಮೆರಾದ ಗುಂಡಿ ಒತ್ತುವುದನ್ನೇ ಮರೆತಿದ್ದರು. ನನ್ನ ಗುಳ್ಳೆಗಳಿಗೆ ಸಾಕ್ಷಿ ಆ ಗುರುತೊಂದೇ.

ಮಧ್ಯಾಹ್ನ ಹನ್ನೆರಡೂವರೆಗೆ ಮನೆಯಲ್ಲಿ ಡಬ್ಬಿಯನ್ನು ಸಿಹಿನೀರಿನಲ್ಲಿ ಎರಡು ಸಲ ಜಾಲಿಸಿ, ರಬ್ಬರನ್ನು ಹತ್ತಿಯಿಂದ ಒರೆಸಿ, ಹತ್ತಿ ಬೆಳ್ಳಗೆ ಬಂದದ್ದನ್ನು ಯಜಮಾನರಿಗೆ ತೋರಿಸಿ, ನೆರಳಿನಲ್ಲಿ ಒಣಗಲು ಇಟ್ಟೆ.