ಟೂಲ್ ರೂಮಿನ ಎರಡನೇ ಕುರ್ಚಿ

ಸಾಲಿನಲ್ಲಿ ನಿಲ್ಲುವುದೆಂದರೆ ಕೊಟ್ರಬಸಪ್ಪನಿಗೆ ಮೈಮೇಲೆ ಕೆಂಜಿಗ ಬಿಟ್ಟ ಹಾಗೆ. ಶಿವಮೊಗ್ಗದ ವಿನೋಬನಗರದ ಕ್ಷೌರದಂಗಡಿಯಲ್ಲಿ ತನಗಿಂತ ಮುಂಚೆ ಇಬ್ಬರು ಕೂತಿದ್ದರೆ, ವಾರವಿಡೀ ಗಡ್ಡ ಬಿಟ್ಟುಕೊಂಡು ತಿರುಗಿಯಾನೇ ಹೊರತು ಬೆಂಚಿನ ಮೇಲೆ ಕೂರುತ್ತಿರಲಿಲ್ಲ. ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯಲಾರದೆ ಹೋಟೆಲಿಗೆ ಹೋಗಿ ಉಂಡು ಬಂದದ್ದೂ ಉಂಟು. "ಒಂಬತ್ತು ತಿಂಗ್ಳು ಹೊಟ್ಟೇಲಿ ಹೆಂಗ್ ತಡ್ಕೊಂಡಿದ್ರೋ, ಅವ್ರಮ್ಮನ್ನೇ ಕೇಳ್ಬೇಕು," ಎಂದು ಹೆಂಡತಿ ಜಯಶೀಲಾ ನೆಂಟರ ಮುಂದೆಲ್ಲ ಹೇಳುತ್ತಿದ್ದಳು.

ಅವನಿಗೆ ಸಿಕ್ಕಿದ್ದೂ ಅಂಥದೇ ಕೆಲಸ. ಭದ್ರಾವತಿಯ ಒಂದು ಯಂತ್ರಭಾಗಗಳ ಕಾರ್ಖಾನೆಯಲ್ಲಿ ಸ್ಟಾಪ್‌ವಾಚ್ ಹಿಡಿದು, ಯಾವ ಕೆಲಸಕ್ಕೆ ಎಷ್ಟು ನಿಮಿಷ ಬೇಕೆಂದು ಅಳೆಯುವುದು. ಇಪ್ಪತ್ತೊಂದು ವರ್ಷ ಅಳೆದಿದ್ದ. ಅವನು ಶೆಡ್ಡಿನ ಬಾಗಿಲಲ್ಲಿ ಕಂಡರೆ ಸಾಕು, "ಬಂದ್ರಪ್ಪ ಚಿತ್ರಗುಪ್ತ್ರು" ಎಂದು ಕೆಲಸಗಾರರು ಒಬ್ಬರಿಗೊಬ್ಬರು ಸನ್ನೆ ಮಾಡುತ್ತಿದ್ದರು.

1999ರ ಜನವರಿಯಲ್ಲಿ, ಎಲ್ಲೆಲ್ಲಿ ಆಳು ಹೆಚ್ಚಿದ್ದಾರೆ ಹುಡುಕಿ ಎಂದು ಮ್ಯಾನೇಜರ್ ಹೇಳಿದರು. ಕೊಟ್ರಬಸಪ್ಪ ನೇರ ಟೂಲ್ ರೂಮಿನ ಕಿಟಕಿಗೆ ಹೋಗಿ ನಿಂತ. ಲೇತ್ ನಡೆಸುವವರು ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ಕೊಟ್ಟು, ಬೇಕಾದ ಉಪಕರಣ ಒಯ್ಯುವ ಜಾಗ ಅದು. ಒಳಗೆ ಎರಡು ಕುರ್ಚಿ. ಒಂದರಲ್ಲಿ ರಾಮಚಂದ್ರಪ್ಪ, ಇನ್ನೊಂದರಲ್ಲಿ ಸುಬ್ಬಪ್ಪ. ಸುಬ್ಬಪ್ಪನ ಬಲಗಾಲಿನಲ್ಲಿ ಕಬ್ಬಿಣದ ರಾಡ್ ಇತ್ತು. ಕಾರ್ಖಾನೆಯಲ್ಲೇ ಕಾಲು ಮುರಿದಿದ್ದರಿಂದ ಕೂರುವ ಕೆಲಸ ಕೊಟ್ಟಿದ್ದರು.

ಆರು ದಿನ ಅಳೆದ ಮೇಲೆ ಲೆಕ್ಕ ಸ್ಪಷ್ಟವಾಗಿತ್ತು. ಗಂಟೆಗೆ ಸರಾಸರಿ ಇಪ್ಪತ್ತೊಂಬತ್ತು ಜನ ಬರುತ್ತಾರೆ, ಒಬ್ಬೊಬ್ಬರಿಗೆ ಎರಡು ನಿಮಿಷ. ಒಟ್ಟು ಐವತ್ತೆಂಟು ನಿಮಿಷದ ಕೆಲಸಕ್ಕೆ ಇಬ್ಬರು. ಇಬ್ಬರೂ ಅರ್ಧ ಹೊತ್ತು ಸುಮ್ಮನೆ ಕೂತಿರುತ್ತಾರೆ. ಆ ದೃಶ್ಯವೇ ಅವನ ಕಣ್ಣಿಗೆ ಚುಚ್ಚುತ್ತಿತ್ತು. "ಒಬ್ಬನೇ ಸಾಕು. ಆಗಲೂ ಗಂಟೆಗೆ ಎರಡು ನಿಮಿಷ ಉಳಿಯುತ್ತದೆ," ಎಂದು ಬರೆದುಕೊಟ್ಟ. ವರದಿ ಒಂದೇ ದಿನದಲ್ಲಿ ಜಾರಿಯಾಯಿತು. ಸುಬ್ಬಪ್ಪನನ್ನು ಗುಜರಿ ಕಬ್ಬಿಣ ತುಂಬುವ ಯಾರ್ಡಿಗೆ ಹಾಕಿದರು.

ಎರಡನೇ ವಾರಕ್ಕೇ ಕಿಟಕಿಯ ಮುಂದೆ ಸಾಲು ಬೆಳೆಯಿತು. ಒಮ್ಮೊಮ್ಮೆ ಹನ್ನೆರಡು ಜನ, ಒಮ್ಮೊಮ್ಮೆ ಹದಿನೈದು. ಅತ್ತ ಲೇತ್‌ಗಳು ಸುಮ್ಮನೆ ನಿಂತಿದ್ದವು.

"ಏನ್ ಸಾರ್, ನಾಳೆಯಿಂದ ಹಾಸ್ಗೆ ತಂದ್ಬಿಡ್ಲಾ?" ಎಂದ ಸಾಲಿನಲ್ಲಿದ್ದ ಮುರುಗೇಶ. "ಉಳೀತಲ್ಲ ಎರಡು ನಿಮಿಷ, ಅದನ್ನ ಯಾರ್ ಜೇಬಿಗೆ ಹಾಕಿದ್ರಿ?"

ರಾಮಚಂದ್ರಪ್ಪ ಮೈಗಳ್ಳತನ ಮಾಡುತ್ತಿರಬೇಕು ಎಂದು ಕೊಟ್ರಬಸಪ್ಪ ಮತ್ತೆ ಅಳೆದ. ಅದೇ ಎರಡು ನಿಮಿಷ. ಬರುವವರ ಸಂಖ್ಯೆಯೂ ಅಷ್ಟೇ. ಗುಣಾಕಾರ ಸರಿಯಾಗಿದೆ, ಸಾಲು ಮಾತ್ರ ಕರಗುತ್ತಿಲ್ಲ. ಊಟ ಸೇರಲಿಲ್ಲ. ಭದ್ರಾವತಿಯಿಂದ ಶಿವಮೊಗ್ಗದವರೆಗೆ ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬರುತ್ತಿದ್ದ.

ಪಕ್ಕದ ಮನೆಯ ಮಧು ನವುಲೆಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ. ಒಂದು ಭಾನುವಾರ ಕೊಟ್ರಬಸಪ್ಪ ಕಾಗದ ಹಿಡಿದು ಅವನ ಜಗಲಿಗೆ ಹೋದ.

"ಅಂಕಲ್, ಜನ ಎರಡೆರಡು ನಿಮಿಷಕ್ಕೆ ಒಬ್ರಂತೆ ಲೆಕ್ಕ ಹಾಕ್ಕೊಂಡು ಬರ್ತಾರಾ?"

"ಎಲ್ಲಿ ಮಾರಾಯ! ಒಂದ್ಸಲ ಆರು ಜನ ಒಟ್ಟಿಗೆ ನುಗ್ತಾರೆ. ಆಮೇಲೆ ಹತ್ತು ನಿಮಿಷ ಒಂದು ನರಪಿಳ್ಳೆ ಇರಲ್ಲ."

"ಆ ಹತ್ತು ನಿಮಿಷ ಎತ್ತಿಟ್ಟು, ಆರು ಜನ ನುಗ್ಗಿದಾಗ ಖರ್ಚು ಮಾಡೋಕಾಗುತ್ತಾ?"

ಕೊಟ್ರಬಸಪ್ಪ ಕೈಯಲ್ಲಿದ್ದ ಕಾಗದ ಚಾಚಿದ. ಮಧು ಪುಸ್ತಕ ತೆಗೆದು, ಸಾಲುಗಳ ಲೆಕ್ಕಕ್ಕೆಂದೇ ಇರುವ ಸೂತ್ರ ತೋರಿಸಿದ. ಅದೇ ಅಂಕಿಗಳು. ಇಬ್ಬರಿದ್ದರೆ ಒಬ್ಬ ಸರಾಸರಿ ಮೂವತ್ತೇಳು ಸೆಕೆಂಡು ಕಾಯಬೇಕು. ಒಬ್ಬನಾದರೆ ಹತ್ತಿರ ಹತ್ತಿರ ಒಂದು ಗಂಟೆ. ಬೇಸತ್ತು ಕೆಲವರು ವಾಪಸು ಹೋಗುವುದರಿಂದ ಅಷ್ಟಾಗುತ್ತಿರಲಿಲ್ಲ, ಅಷ್ಟೇ. ಸುಬ್ಬಪ್ಪ ಖಾಲಿ ಕೂತಿದ್ದರಿಂದಲೇ ಇಪ್ಪತ್ತು ಲೇತ್‌ಗಳು ಓಡುತ್ತಿದ್ದವು.

ಅಷ್ಟರಲ್ಲಿ ಕಾರ್ಖಾನೆ, ಇಡುಗಂಟು ಕೊಟ್ಟು ಕಳಿಸುವ ಸ್ವಯಂ ನಿವೃತ್ತಿಗೆ ಅರ್ಜಿ ಕರೆದಿತ್ತು. ಕೊನೆಯ ದಿನ ಮಾರ್ಚ್ ಇಪ್ಪತ್ತು, ಶನಿವಾರ ಮಧ್ಯಾಹ್ನ ಒಂದು ಗಂಟೆ. ಶುಕ್ರವಾರ ಕೊಟ್ರಬಸಪ್ಪ ಯಾರ್ಡಿಗೆ ಹೋದಾಗ ಸುಬ್ಬಪ್ಪ ತುಕ್ಕಿನ ರಾಶಿಯ ಪಕ್ಕ ಕಾಲು ಚಾಚಿ ಕೂತಿದ್ದ. ಅರ್ಜಿಗೆ ಸಹಿ ಹಾಕಿಟ್ಟುಕೊಂಡಿದ್ದ.

"ಈ ಕಾಲಲ್ಲಿ ಇನ್ನೊಂದು ತಿಂಗ್ಳೂ ಆಗಲ್ಲ ಕೊಟ್ರಬಸಪ್ನೋರೆ. ನಾಳೆ ಕೊಟ್ಬಿಡ್ತೀನಿ."

"ನನ್ ಲೆಕ್ಕ ತಪ್ಪಾಗಿತ್ತು. ನಿಮ್ಮನ್ನ ವಾಪಸ್ ಕರ್ಸೋಕೆ ಬರ್ಕೊಡ್ತೀನಿ. ನಾಳೆ ಒಂದು ಗಂಟೆವರೆಗೂ ಕಾಯ್ರಿ."

ಸುಬ್ಬಪ್ಪ ನಕ್ಕ. "ಕಾಯೋದು ನಂಗ್ ಬರುತ್ತೆ. ನಿಮ್ಗೇ ಬರಲ್ಲ."

ಶನಿವಾರ ಹನ್ನೊಂದೂವರೆಗೆ ಮ್ಯಾನೇಜರ್ ಬಾಗಿಲು ಮುಚ್ಚಿತ್ತು. ಒಳಗೆ ಮೀಟಿಂಗ್. ಅದೇ ಪಡಸಾಲೆಯ ಆ ತುದಿಯಲ್ಲಿ, ಗುಮಾಸ್ತನ ಕಿಟಕಿಯ ಮುಂದೆ ಅರ್ಜಿ ಕೊಡುವವರ ಸಾಲು. ಸುಬ್ಬಪ್ಪ ಏಳನೆಯವನು. ಒಬ್ಬೊಬ್ಬರಿಗೆ ಆರು ನಿಮಿಷ ಎಂದರೆ ಹನ್ನೆರಡು ದಾಟುತ್ತಿದ್ದಂತೆ ಅವನ ಸರದಿ. ಆದರೆ ಸರಾಸರಿಯ ಮೇಲೆ ಕೊಟ್ರಬಸಪ್ಪನಿಗೆ ಈಗ ನಂಬಿಕೆ ಇರಲಿಲ್ಲ. ಒಬ್ಬನ ಸಹಿ ತಾಳೆಯಾಗದೆ ಕಾಲು ಗಂಟೆ ಹೋಯಿತು. ಆಮೇಲೆ ಮೂವರು ಐದೇ ನಿಮಿಷದಲ್ಲಿ ಮುಗಿಸಿದರು. ಅವನು ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಅಲೆದ. ಅಂಗಿ ಬೆನ್ನಿಗಂಟಿತ್ತು.

ಹನ್ನೆರಡೂ ಇಪ್ಪತ್ತಕ್ಕೆ ಬಾಗಿಲು ತೆರೆಯಿತು. ಕೊಟ್ರಬಸಪ್ಪ ಕೊಟ್ಟ ಹೊಸ ವರದಿಯನ್ನು ಮ್ಯಾನೇಜರ್ ನಿಧಾನವಾಗಿ ಓದಿದರು.

"ಅರ್ಧ ಹೊತ್ತು ಖಾಲಿ ಕೂರೋನಿಗೆ ಸಂಬಳ ಕೊಡಿ ಅಂತ ನೀವೇ ಬರೀತೀರಲ್ರೀ?"

"ಹೌದು ಸಾರ್. ಅವ್ನು ಖಾಲಿ ಕೂರ್ಲಿಲ್ಲ ಅಂದ್ರೆ ಇಪ್ಪತ್ತು ಮಿಷಿನ್ ಖಾಲಿ ನಿಲ್ಲುತ್ತೆ."

"ಮೇಲಿನವ್ರಿಗೆ ಇದನ್ನ ಹೆಂಗ್ ಹೇಳ್ಲಿ?"

"ನನ್ ತಪ್ಪು ಅಂತ ಮೊದಲ್ನೇ ಸಾಲಲ್ಲೇ ಬರ್ದಿದೀನಿ."

ಮ್ಯಾನೇಜರ್ ಎದ್ದು ಟೂಲ್ ರೂಮಿಗೆ ಹೋಗಿ ಸಾಲು ನೋಡಿಕೊಂಡು ಬಂದರು. ಮೂರು ತಿಂಗಳಿಗೆ ಮಾತ್ರ ಎಂದು ಷರಾ ಬರೆದು ಸಹಿ ಹಾಕಿದರು. ಆಗ ಗಂಟೆ ಹನ್ನೆರಡೂ ಐವತ್ತೆರಡು.

ಕೊಟ್ರಬಸಪ್ಪ ಓಡಿಬಂದ. ಸಾಲಿನ ಮುಂದೆ ಸುಬ್ಬಪ್ಪ ಇರಲಿಲ್ಲ. ನಡುವೆಯೂ ಇಲ್ಲ. ಕೊಟ್ಟೇಬಿಟ್ಟ ಎಂದುಕೊಂಡ. ನೋಡಿದರೆ ಅವನು ಕಟ್ಟಕಡೆಯಲ್ಲಿ ಗೋಡೆಗೆ ಒರಗಿ ನಿಂತಿದ್ದ. "ನೀ ಹೋಗು ಮಾರಾಯ" ಎಂದು ತನ್ನ ಹಿಂದಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಮುಂದೆ ಬಿಟ್ಟು, ಒಂಬತ್ತು ಜನರನ್ನು ದಾಟಿಸಿದ್ದ.

ಆದೇಶ ಓದಿದ ಸುಬ್ಬಪ್ಪನ ಮುಖ ಗಂಟಿಕ್ಕಿತು. "ಮೂರೇ ತಿಂಗ್ಳಾ? ಇವತ್ತು ಅರ್ಜಿ ಕೊಡ್ದಿದ್ರೆ ಆ ದುಡ್ಡೂ ಹೋಯ್ತು. ಮೂರು ತಿಂಗ್ಳಾದ್ಮೇಲೆ?"

"ಗೊತ್ತಿಲ್ಲ," ಎಂದ ಕೊಟ್ರಬಸಪ್ಪ.

"ಇನ್ಯಾರಿದೀರ್ರೀ? ಮುಚ್ತೀನಿ," ಎಂದು, ಮುಂದಿದ್ದವರದು ಮುಗಿಸಿದ ಗುಮಾಸ್ತ ಕೂಗಿದ. ಸುಬ್ಬಪ್ಪ ಕಿಟಕಿಯನ್ನೂ ಕೊಟ್ರಬಸಪ್ಪನನ್ನೂ ಒಂದೊಂದು ಸಲ ನೋಡಿದ. ಅರ್ಜಿಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟು, ಕುಂಟುತ್ತ ಟೂಲ್ ರೂಮಿನ ಕಡೆ ನಡೆದ.

ಮುಂದಿನ ನಾಲ್ಕು ವರ್ಷ ಆ ಆದೇಶ ಮೂರು ಮೂರು ತಿಂಗಳಿಗೆ ಮುಂದುವರಿಯಿತು. ತಾನಾಗಿ ಒಮ್ಮೆಯೂ ಮುಂದುವರಿಯಲಿಲ್ಲ. ಪ್ರತಿ ಸಲವೂ ಕೊಟ್ರಬಸಪ್ಪ ಹೊಸದಾಗಿ ಅಳೆದು, ಹೊಸದಾಗಿ ಬರೆದು, ಆ ಬಾಗಿಲ ಹೊರಗೆ ಕರೆಯುವವರೆಗೂ ನಿಂತಿರುತ್ತಿದ್ದ.