ಸಾರಿನ ಬಕೆಟ್ಟಿನ ಮೇಲೆ ನನ್ನ ಹೆಸರು

ಮಕ್ಕಳೇ, ನಿಮ್ಮ ಅಜ್ಜಿ ಪಾಪರ್ ಆದವಳು. ಸಾಲ ತೀರಿಸಲು ನನ್ನಿಂದಾಗದು ಎಂದು ಮೈಸೂರಿನ ಕೋರ್ಟಿನಲ್ಲಿ ಅರ್ಜಿ ಹಾಕಿ, ದಿವಾಳಿ ಎನಿಸಿಕೊಂಡವಳು. ಬೇರೆಯವರ ಬಾಯಿಂದ ನೀವು ಕೇಳುವ ಮೊದಲು ನಾನೇ ಹೇಳಿಬಿಡೋಣವೆಂದು ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳಲು ನಾಚಿಕೆ.

ನಂಜನಗೂಡಿನಲ್ಲಿ ನಿಮ್ಮ ತಾತನಿಗೆ ಮದುವೆಮನೆಗಳಿಗೆ ಪಾತ್ರೆ ಬಾಡಿಗೆ ಕೊಡುವ ಅಂಗಡಿಯಿತ್ತು. ಶಾಮಿಯಾನ, ಕುರ್ಚಿ ಎಂದು ಸಾಲ ಮಾಡಿ ಅದನ್ನು ಬೆಳೆಸಿದರು; ಅದರ ಜೊತೆಗೇ ಬೆಳೆದ ಸಾಲವನ್ನು ನನ್ನ ಕೈಗಿಟ್ಟು ತೀರಿಕೊಂಡರು. ಸಾಲದ ಪತ್ರಗಳಲ್ಲಿ ನನ್ನದೂ ಸಹಿ ಇತ್ತು. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ ಓದಿದವಳು ನಾನು. ಸಹಿ ಹಾಕು ಎಂದಾಗ ಅಕ್ಷರ ದುಂಡಗೆ ಬಂತೇ ಎಂದು ನೋಡಿದೆನೇ ಹೊರತು, ಅದರ ಮೇಲೆ ಏನು ಬರೆದಿದೆ ಎಂದು ನೋಡಲಿಲ್ಲ.

ಆಸ್ತಿಯ ಪಟ್ಟಿ ಬರೆದುಕೊಡಿ ಎಂದರು ವಕೀಲರು. ಮುಚ್ಚಿಟ್ಟರೆ ಜೈಲು ಎಂದು ಯಾರೋ ಹೆದರಿಸಿದ್ದರು. ಪಾತ್ರೆಗಳ ಜೊತೆ ಒರಳುಕಲ್ಲು, ಪೊರಕೆ, ಕಾವಿಗೆ ಕೂತಿದ್ದ ಕೋಳಿ ಎಲ್ಲವನ್ನೂ ಬರೆದೆ.

"ಕೋಳಿ ತೆಗೀರಮ್ಮ, ಜಡ್ಜ್ ಸಾಹೇಬ್ರು ನಗ್ತಾರೆ" ಎಂದರು.

"ಮರಿ ಆದ್ಮೇಲೆ ಸೇರುಸ್ಬೇಕಾ ಸಾ?" ಎಂದೆ.

ಪಾತ್ರೆಗಳೆಲ್ಲ ಹರಾಜಾದವು. ನಿಜವಾದ ಪೇಚು ಶುರುವಾದದ್ದು ಆಮೇಲೆ. ನಮ್ಮ ಕಡೆ ಹೆಸರು ಕೊರೆಸದೆ ಪಾತ್ರೆಯನ್ನು ಹೊಸಿಲು ದಾಟಿಸುವುದಿಲ್ಲವಲ್ಲ. ನಿಮ್ಮ ತಾತ ತಮ್ಮ ಹೆಸರು ಬಿಟ್ಟು, ಕೊಪ್ಪರಿಗೆಯಿಂದ ಸೌಟಿನವರೆಗೆ 'ಜಯಮ್ಮ, ನಂಜನಗೂಡು' ಎಂದೇ ಕೊರೆಸಿದ್ದರು. ಕೊಂಡವರು ಅಳಿಸುವ ಗೋಜಿಗೆ ಹೋಗಲಿಲ್ಲ. ನಾನು ಬೀದಿಗೆ ಬರಲು ನಾಚಿ ಒಳಗೆ ಕೂತೆ. ನನ್ನ ಹೆಸರು ಮಾತ್ರ ವಾರಕ್ಕೆ ನಾಲ್ಕು ಊಟಕ್ಕೆ ಹೋಗಿಬರುತ್ತಿತ್ತು.

ಎರಡು ವರ್ಷ ಯಾರ ಮನೆಯ ಪಂಕ್ತಿಯಲ್ಲೂ ಕೂರಲಿಲ್ಲ. ಬ್ಯಾಂಕಿನವರ ಭಯಕ್ಕಲ್ಲ, ಹೂ ಮಾರುವ ನಿಂಗಮ್ಮನ ಭಯಕ್ಕೆ. ತಾತನ ಆಸ್ಪತ್ರೆ ಖರ್ಚಿಗೆಂದು ಕಿವಿಯೋಲೆ ಅಡವಿಟ್ಟು ಕೊಟ್ಟವಳು ಅವಳು. ನಾನು ಅವಳಿಗೆ ಕೊಡಬೇಕಾದ್ದನ್ನೂ ಕೋರ್ಟು ಮನ್ನಾ ಮಾಡಿತ್ತು. ಆದರೆ ಜಡ್ಜ್ ಸಾಹೇಬರು ಆ ಬರಿಗಿವಿ ನೋಡಿರಲಿಲ್ಲ, ನಾನು ನೋಡಿದ್ದೆ.

ಕೊನೆಗೆ ಟಿ. ನರಸೀಪುರದಲ್ಲಿ ತಂಗಿಯ ಮೊಮ್ಮಗನ ನಾಮಕರಣ ಬಂತು. ತಂಗಿ ಕೈಹಿಡಿದು ಎಳೆದು ಊಟಕ್ಕೆ ಕೂರಿಸಿದಳು. ಕೂತ ಮೇಲೆ ನೋಡುತ್ತೇನೆ, ಪಕ್ಕದ ಎಲೆ ನಿಂಗಮ್ಮನದು! ಹೂವಿನ ಆರ್ಡರ್ ತಂದವಳು ಊಟಕ್ಕೂ ನಿಂತಿದ್ದಳು. ಅಷ್ಟರಲ್ಲಿ ಸಾರು ಬಡಿಸುವವನು ಬಕೆಟ್ಟಿನ ಮೇಲಿನ ಅಕ್ಷರ ನೋಡಿ ತನ್ನ ಜೊತೆಯವನನ್ನು ಕೇಳಿದ: "ಈ ಜಯಮ್ಮ ಯಾರ್ಲಾ? ಎಲ್ಲೋದ್ರೂ ಇವಳ್ದೇ ಪಾತ್ರೆ. ಭಾರಿ ಸಾವ್ಕಾರ್ತಿ ಇರ್ಬೇಕು!"

"ಇವ್ಳೇ ಕಣಪ್ಪ ಆ ಸಾವ್ಕಾರ್ತಿ. ಒಂದ್ ಸೌಟು ಜಾಸ್ತಿ ಉಯ್ಯಿ" ಎಂದು ನಿಂಗಮ್ಮ ಬಿದ್ದು ಬಿದ್ದು ನಕ್ಕಳು.

ನಾನು ಎದ್ದೆ. ಅವಳು ಸೆರಗು ಹಿಡಿದು ಕೂರಿಸಿದಳು. "ಕೂತ್ಕೊಳ್ಳಮ್ಮಿ. ನಿನ್ ಸಾಲ ಎಲ್ಲೂ ಓಡೋಗಕಿಲ್ಲ, ಪಾಯ್ಸ ಓಯ್ತದೆ."

ಕೂತೆ. ಎರಡು ಸಲ ಪಾಯಸ ಹಾಕಿಸಿಕೊಂಡೆ. ಕೊನೆಯ ಪಂಕ್ತಿಗೆ ಪಾಯಸ ಸಾಲಲಿಲ್ಲ. ಅದರಲ್ಲಿ ನನ್ನ ಪಾಲೂ ಇರಬಹುದು. ಆದರೂ ಅಡುಗೆಯವರ ಬಳಿ ಹೋಗಿ, ಆ ಕೊಪ್ಪರಿಗೆ ಅಂಚಿನವರೆಗೆ ತುಂಬಿದರೂ ನೂರೈವತ್ತು ಎಲೆಗೆ ಮಾತ್ರ ಎಂದು ಮೆಲ್ಲಗೆ ಹೇಳಿದೆ. ನನ್ನ ಪಾತ್ರೆಯ ಹೊಟ್ಟೆ ನನಗೆ ಗೊತ್ತಿಲ್ಲವೇ? ಮುಂದಿನ ವಾರದಿಂದ ಅವರ ತಂಡಕ್ಕೆ ಅಳತೆ ಹೇಳುವ ಕೆಲಸ ನನ್ನದಾಯಿತು. ಹರಾಜಾದ ಪಾತ್ರೆಗಳೇ ಮತ್ತೆ ನನಗೆ ಕೂಲಿ ಕೊಟ್ಟವು.

ಉಳಿಸಿದ್ದನ್ನು ತಿಂಗಳಿಗೊಮ್ಮೆ ನಿಂಗಮ್ಮನ ಮನೆಗೆ ಒಯ್ದೆ. ಅವಳ ಓಲೆ ಬಿಡಿಸಿಕೊಂಡು ಬಂದದ್ದೂ ಆಯಿತು. ಕಡೆಯ ಕಂತು ಕೊಡಲು ಹೋದರೆ ಮುಖ ಊದಿಸಿಕೊಂಡಳು. "ಪೂರಾ ತೀರ್ಸ್‌ಬುಟ್ರೆ ಆಮೇಕೆ ನಮ್ಮನೆ ಕಡೆ ಯಾಕ್ ಬಂದೀಯೆ ನೀನು?" ಎಂದು ಐವತ್ತು ರೂಪಾಯಿ ನನ್ನ ಕೈಗೇ ವಾಪಸ್ ತುರುಕಿದಳು.

ಆ ಐವತ್ತು ಇನ್ನೂ ಬಾಕಿ ಇದೆ. ಪ್ರತಿ ತಿಂಗಳೂ ಕೊಡಲು ಹೋಗುತ್ತೇನೆ. ಕಾಫಿ ಕುಡಿದು, ಮಾತಾಡಿ, ಮರೆತು ಬರುತ್ತೇನೆ. ನನಗೇನಾದರೂ ಆದರೆ ಅದನ್ನು ನೀವು ತೀರಿಸಬೇಕು. ಒಂದೇ ಸಲಕ್ಕೆ ಮಾತ್ರ ಬೇಡ.